ನೋಡೋಣಪ್ಪನ ಲಾರಿಯೂ ಹದಿನಾಲ್ಕು ಅಡಿಯ ಕಡಾಯಿಯೂ

ಹೆತ್ತವರು ಅವನಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಅದನ್ನು ಬಲ್ಲವರು ಈಗ ಯಾರೂ ಇಲ್ಲ; ಕೇಳಿದರೆ ಅವನೇ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ಬೀದಿಗೆಲ್ಲ ಅವನು ನೋಡೋಣಪ್ಪ. ಯಾರು ಏನೇ ಕೇಳಲಿ, ಅವನ ಉತ್ತರ ಒಂದೇ: "ನೋಡೋಣ." ಮಳೆ ಬರುತ್ತಾ? ನೋಡೋಣ. ಊಟ ಆಯ್ತಾ? ನೋಡೋಣ. ಮದುವೆಯ ಮಾತುಕತೆಯ ದಿನ "ಹುಡುಗಿ ಒಪ್ಪಿಗೇನಪ್ಪಾ?" ಎಂದು ಹಿರಿಯರು ಕೇಳಿದ್ದಕ್ಕೂ ಹಾಗೇ ಅಂದನಂತೆ. ಹುಡುಗಿ ಸುಮ್ಮನಿರಲಿಲ್ಲ. "ಇನ್ನೇನು ನೋಡೋದು? ಎದುರಿಗೇ ಕೂತಿದೀನಲ್ಲ!" ಅಂದಳು. ಮದುವೆ ಅಲ್ಲಿಗೆ ನಿಶ್ಚಯವಾಯಿತು. ಆಮೇಲೆ ಆ ಮನೆಯಲ್ಲಿ ನಿಶ್ಚಯವಾದದ್ದೆಲ್ಲ ಅದೇ ಕ್ರಮದಲ್ಲಿ.

ನೋಡೋಣಪ್ಪನ ಹತ್ತಿರ ಒಂದು ಲಾರಿಯಿತ್ತು. ಪಕ್ಕದ ಹಲಗೆ, ಮೇಲಿನ ಹೊದಿಕೆ ಏನೂ ಇಲ್ಲದ, ಹಿಂದೆ ಬಟಾಬಯಲಾದ ಚಪ್ಪಟೆ ಲಾರಿ. ಕಬ್ಬಿಣದ ತೊಲೆ, ಸಿಮೆಂಟ್ ಪೈಪು, ಕೆಟ್ಟು ನಿಂತ ಟ್ರ್ಯಾಕ್ಟರು, ಇಂಥ ಎಲ್ಲಿಯೂ ಸಲ್ಲದ ಸಾಮಾನುಗಳನ್ನು ಹೇರುವಂಥದ್ದು. ಹೆಂಡತಿ ಅದನ್ನು "ಮಂಚ" ಎಂದೇ ಕರೆಯುತ್ತಿದ್ದಳು. ಕೆಲಸವಿಲ್ಲದ ದಿನ ಗಂಡ ಅದರ ಮೇಲೆ ಉದ್ದಕ್ಕೆ ಮಲಗಿರುತ್ತಿದ್ದ. ಅಡ್ಡಕ್ಕೆ ಅವಳ ತಮ್ಮ. ಈ ತಮ್ಮ ಲಾರಿಯ ಕ್ಲೀನರ್. ಹುದ್ದೆಯ ಹೆಸರಿಗೂ ಅವನ ದಿನಚರಿಗೂ ಸಂಬಂಧ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಹೆಂಡತಿಯ ಹೊಲಿಗೆ ಮಿಷನ್ನಿನಿಂದ. ಮಿಷನ್ ಇದ್ದದ್ದು ಮನೆಯ ಮುಂದೆ ಬೀದಿಗೆ ಎರಡಡಿ ಚಾಚಿಕೊಂಡ ಒಂದು ಪುಟ್ಟ ಕೋಣೆಯಲ್ಲಿ.

ಬೀದಿಯ ತುದಿಗೆ ಸಾಬೂನಿನ ಕಾರ್ಖಾನೆ. ಒಂದು ಸೋಮವಾರ ಅಲ್ಲಿನ ಮ್ಯಾನೇಜರು ನೋಡೋಣಪ್ಪನನ್ನು ಮಹಡಿಯ ಮೇಲಿದ್ದ ತಮ್ಮ ಕೋಣೆಗೆ ಕರೆಸಿಕೊಂಡರು.

"ಹೊಸ ಕಡಾಯಿ ಬಂದು ರೈಲ್ವೆ ಯಾರ್ಡಿನಲ್ಲಿ ಕೂತಿದೆ. ಸಾಬೂನು ಬೇಯ್ಸೋ ಕಡಾಯಿ. ತರ್ತೀಯಾ?"

"ಎಷ್ಟು ದೊಡ್ಡದು ಸಾರ್?"

"ಅಗಲ ಹದಿನಾಲ್ಕು ಅಡಿ."

ನೋಡೋಣಪ್ಪನ ಲಾರಿಯ ಅಗಲ ಎಂಟಡಿ. ಅವನು ಎರಡೂ ಕೈ ಚಾಚಿ, ಹೊರಗೆ ಉಳಿಯುವ ಕಡಾಯಿಯನ್ನು ಗಾಳಿಯಲ್ಲಿ ಬರೆದು ನೋಡಿದ. ಕೈ ಸಾಲಲಿಲ್ಲ.

"ಬಿಚ್ಚಿ ತರೋಕಾಗಲ್ವಾ ಸಾರ್?"

"ಕಡಾಯಿ ಕಣಯ್ಯಾ, ಕುರ್ಚಿಯಲ್ಲ."

"ಸೇತುವೆ ಕಡೆಯಿಂದ?"

"ಆ ಸೇತುವೆ ಮೇಲೆ ನಿನ್ನ ಲಾರಿ ಒಂದೇ ಹೋದ್ರೇ ಪಕ್ಕದ ಕಂಬಿ ಉಜ್ಜತ್ತೆ. ಇರೋದು ನಿಮ್ಮ ಬೀದಿ ಒಂದೇ. ನೋಡು, ತಂದುಕೊಟ್ರೆ ವರ್ಷವಿಡೀ ನಮ್ಮ ಸರಕೆಲ್ಲ ನಿನ್ನ ಲಾರಿಗೇ. ಆಗಲ್ಲ ಅಂದ್ರೆ ಹೇಳಿಬಿಡು, ಪಕ್ಕದೂರಿನವನನ್ನ ಕರೀತೀನಿ. ಶನಿವಾರ ನನಗೆ ಒಂದು ಮಾತು ಬೇಕು. ಹೂಂ, ಇಲ್ಲಾ ಊಹೂಂ. ಮೂರನೇ ಮಾತು ಬೇಡ."

ನೋಡೋಣಪ್ಪನಿಗೆ ಬರುತ್ತಿದ್ದದ್ದು ಮೂರನೇ ಮಾತೊಂದೇ. ಅದನ್ನೇ ಆಡಿ ಎದ್ದು ಬಂದ.

ಕಾರ್ಖಾನೆಯೊಳಕ್ಕೆ ಕಾಲಿಡುವವರಿಗೆಲ್ಲ ಗೇಟಿನಲ್ಲಿ ಒಂದು ಹಳದಿ ಹೆಲ್ಮೆಟ್ಟು ಕೊಡುತ್ತಾರೆ, ಹೊರಡುವಾಗ ಹಿಂದಿರುಗಿಸಬೇಕು. ಹಿಂದಿರುಗಿಸಲು ನಿಂತವನಿಗೆ ಕಾವಲುಗಾರನ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಿತು. ಹೆಲ್ಮೆಟ್ಟಿನ ಕೆಳಗೆ ಅದು ಯಾರದೋ ದೊಡ್ಡ ಮನುಷ್ಯರ ಮುಖದಂತಿತ್ತು. "ಅಳತೆ ಕೆಲಸಕ್ಕೆ ಬೇಕು, ಆಮೇಲೆ ಕೊಡ್ತೀನಿ" ಅಂದ. ಅಳೆಯುವುದು ಟೇಪಿನಿಂದ, ಹೆಲ್ಮೆಟ್ಟಿನಿಂದಲ್ಲ ಎಂಬುದು ಕಾವಲುಗಾರನಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಭಾವ ಬಾಮೈದ ಇಬ್ಬರೂ ಬೀದಿ ಅಳೆಯಲು ಹೊರಟರು. ನಮ್ಮ ಬೀದಿ ಈ ಗೋಡೆಯಿಂದ ಆ ಗೋಡೆಗೆ ಹದಿನೈದು ಅಡಿ ಇದೆ. ಆದರೆ ನಮ್ಮ ಜನಕ್ಕೆ ಒಳಗೆ ಮನೆ ಮುಗಿದ ಮೇಲೆ ಹೊರಗೂ ಸ್ವಲ್ಪ ಕಟ್ಟದಿದ್ದರೆ ಸಮಾಧಾನವಿಲ್ಲ. ಕ್ಷೌರದ ಅಂಗಡಿಯವನು ಮೂರು ಮೆಟ್ಟಿಲು ಹೊರಗಿಟ್ಟಿದ್ದ. ಅವನ ಎದುರು ಮನೆಯ ಕೋರ್ಟಜ್ಜ ಮೊಣಕಾಲೆತ್ತರದ ಕಾಂಪೌಂಡು ಕಟ್ಟಿ ಅದರೊಳಗೆ ಎರಡು ಗಿಡ ಸಾಕಿದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅವರು, ನ್ಯಾಯಾಧೀಶರು ಹೇಳಿದ್ದನ್ನು ಬರೆದೂ ಬರೆದೂ ತಾವೇ ಹೇಳಿದ್ದು ಎಂಬ ನಂಬಿಕೆಗೆ ಬಂದಿದ್ದರು. ಅವರ ಪಕ್ಕದ ಹಲ್ಲಿನ ಡಾಕ್ಟರು ಮಾತ್ರ ನೆಲಕ್ಕೆ ಕೈ ಹಚ್ಚಿರಲಿಲ್ಲ. ಸೊಂಟದೆತ್ತರದ ಗಾರೆಯ ಹಲ್ಲೊಂದನ್ನು ಕಬ್ಬಿಣದ ಸಲಾಕಿಗೆ ಸಿಕ್ಕಿಸಿ ಬೀದಿಯ ನೆತ್ತಿಯ ಮೇಲೆ ತೂಗುಬಿಟ್ಟಿದ್ದರು.

ಕ್ಷೌರದವನ ಮೆಟ್ಟಿಲಿಗೆ ಟೇಪು ತಾಗುತ್ತಲೇ ಅವನು ಕತ್ತರಿ ಹಿಡಿದೇ ಹೊರಗೆ ಬಂದ.

"ಏನಣ್ಣಾ ಇದು, ಏನು ಅಳೀತಿದೀಯ?"

ನೋಡೋಣಪ್ಪ ಅಂಕಿ ಮರೆತುಹೋದೀತೆಂದು "ಹನ್ನೊಂದೂವರೆ, ಹನ್ನೊಂದೂವರೆ" ಎಂದು ಜಪಿಸುತ್ತಿದ್ದ. ಬಾಮೈದ ಉತ್ತರ ಕೊಟ್ಟ: "ಹದಿನಾಲ್ಕು ಅಡಿ ಜಾಗ ಬೇಕಂತೆ. ಮೇಲಿನವರು ಹೇಳಿದಾರೆ."

ಮ್ಯಾನೇಜರ ಕೋಣೆ ಮಹಡಿಯ ಮೇಲಿದ್ದದ್ದು ನಿಜ. ಬಾಮೈದ ಸುಳ್ಳು ಹೇಳುವವನಲ್ಲ. ಅದಕ್ಕೂ ಶ್ರಮ ಬೇಕು.

ಕ್ಷೌರದವನ ಮುಖ ಸಣ್ಣಗಾಯಿತು. "ಮತ್ತೆ... ನನ್ನ ಮೆಟ್ಟಿಲು?"

"ನೋಡೋಣ" ಎಂದು ನೋಡೋಣಪ್ಪ ಟೇಪು ಸುತ್ತಿಕೊಂಡು ಮುಂದೆ ಹೋದ.

ಒಳಗೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಇದನ್ನೆಲ್ಲ ಕೇಳಿ, ಉಳಿದರ್ಧವನ್ನು ಹಾಗೇ ಬಿಟ್ಟು, ಸುದ್ದಿ ಹೇಳಲು ಓಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ತುಂಬಿದ ಬೀದಿಯಲ್ಲಿ ಸುದ್ದಿಗೆ ಕಾಲು ಬೇಕೇ? ಸಂಜೆಯ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಸಭೆ ಸೇರಿತು.

"ರಸ್ತೆ ಅಗಲ ಮಾಡ್ತಾರೆ" ಎಂದು ಕೋರ್ಟಜ್ಜ ತೀರ್ಪಿತ್ತರು. "ಇದು ಸಮೀಕ್ಷೆ. ಮುಂದಿನದು ಜೆಸಿಬಿ."

"ಆದ್ರೆ ಅಜ್ಜಾ, ಅವನು ಲಾರಿಯವನಲ್ವಾ?" ಎಂದರು ಹಲ್ಲಿನ ಡಾಕ್ಟರು.

"ಆಗಿದ್ದ. ತಲೆ ಮೇಲಿನ ಟೋಪಿ ನೋಡಲಿಲ್ವಾ? ಸರ್ಕಾರಿ ಕೆಲಸ ಸಿಕ್ಕಿದೆ."

"ಅವನಿಗ್ಯಾರು ಕೆಲಸ ಕೊಡ್ತಾರೆ?" ಎಂದ ಕ್ಷೌರದವನು.

"ಯಾವ ಕಚೇರಿಗಾದ್ರೂ ಹೋಗಿ, ಏನಾದ್ರೂ ಕೇಳಿ ನೋಡು. ಏನಂತಾರೆ?"

ಕ್ಷೌರದವನು ಯೋಚಿಸಿದ. "ನೋಡೋಣ ಅಂತಾರೆ."

"ಮತ್ತೆ? ಆ ಕೆಲಸದಲ್ಲಿ ಅವನಷ್ಟು ಅನುಭವ ಇನ್ಯಾರಿಗಿದೆ ಹೇಳು!"

ಸಭೆ ತಲೆದೂಗಿತು. ಇಂಥ ಪ್ರತಿಭೆಯನ್ನು ಸರ್ಕಾರ ಇಷ್ಟು ತಡವಾಗಿ ಗುರುತಿಸಿತಲ್ಲ ಎಂದು ಕೆಲವರು ಮರುಗಿದರು.

ಮಾರನೆಯ ಬೆಳಿಗ್ಗೆ ಕ್ಷೌರದವನು ಪೆಟ್ಟಿಗೆ ಹಿಡಿದು ನೋಡೋಣಪ್ಪನ ಮನೆ ಬಾಗಿಲಿಗೇ ಬಂದ. "ಅಣ್ಣ ಇನ್ಮೇಲೆ ಅಂಗಡಿಗೆ ಬರೋದು ಬೇಡ ಅಕ್ಕಾ, ನಾನೇ ಬರ್ತೀನಿ" ಎಂದು, ನಿನ್ನೆ ತಾನೇ ಬೋಳಿಸಿದ ಗಡ್ಡವನ್ನು ಮತ್ತೊಮ್ಮೆ ಬೋಳಿಸಿದ. ಹೆಂಡತಿ ಮಿಷನ್ ತುಳಿಯುವುದನ್ನು ನಿಲ್ಲಿಸಿ ನೋಡಿದಳು. "ಏನ್ರೀ ಇದು?" ಎಂದಳು, ಅವನು ಹೋದ ಮೇಲೆ.

"ಕಡಾಯಿ ವಿಷಯ ಗೊತ್ತಾಗಿರ್ಬೇಕು ಕಣೇ. ನಾವು ಮುಂದೆ ಬರ್ತೀವಿ ಅಂತ ಜನಕ್ಕೆ ಖುಷಿ. ಎಂಥ ಒಳ್ಳೇ ಜನ!"

ಒಳ್ಳೆಯ ಜನರಲ್ಲಿ ಹಲ್ಲಿನ ಡಾಕ್ಟರೂ ಒಬ್ಬರು. ಅವರು ಬೀದಿಯಲ್ಲೇ ನೋಡೋಣಪ್ಪನ ಕೈ ಹಿಡಿದರು.

"ನನ್ನ ಹಲ್ಲು ಉಳಿಯತ್ತಾ?"

ನೋಡೋಣಪ್ಪ ತಲೆಯೆತ್ತಿ ಸಲಾಕಿಗೆ ತೂಗುತ್ತಿದ್ದ ಹಲ್ಲನ್ನು ಅಳೆಯುವ ಕಣ್ಣಿನಿಂದ ನೋಡಿದ. "ನೋಡೋಣ."

ಡಾಕ್ಟರಿಗೆ ಅರ್ಥವಾಯಿತು. ಅರ್ಥವಾಗದಷ್ಟು ದಡ್ಡರೇ ಅವರು? "ಹಾಗಾದ್ರೆ ಬನ್ನಿ, ಬನ್ನಿ, ಒಳಗೆ ಬನ್ನಿ. ನೋಡೋಣ" ಎಂದು ಕರೆದೊಯ್ದು ಕುರ್ಚಿಯ ಮೇಲೆ ಮಲಗಿಸಿ, ಬಾಯಿ ಅಗಲಿಸಿ, ದೀಪ ಹಾಕಿದರು. ಬಂದವರಿಗೆ ಏನಾದರೂ ಸೇವೆ ಮಾಡಬೇಕು; ಅವರಿಗೆ ಬರುತ್ತಿದ್ದ ಸೇವೆ ಒಂದೇ. "ಎಲ್ಲಿ ನೋವು?" ಎಂದರು. ನೋವೇ ಇಲ್ಲ ಎಂದು ನೋಡೋಣಪ್ಪ ಹೇಳಿದ. ಬಾಯೊಳಗೆ ಎರಡು ಉಪಕರಣಗಳೂ ಡಾಕ್ಟರ ಮೂರು ಬೆರಳುಗಳೂ ಇದ್ದದ್ದರಿಂದ ಅದು "ಓವ್, ಓವ್" ಎಂದು ಹೊರಬಂತು.

"ಹೌದು, ಪಾಪ, ತುಂಬಾ ನೋವಿದೆ" ಎಂದು ಡಾಕ್ಟರು ದವಡೆಯ ಒಂದು ಗಟ್ಟಿ ಹಲ್ಲನ್ನು ಕಿತ್ತೇಬಿಟ್ಟರು. ಹತ್ತಿಯಲ್ಲಿ ಸುತ್ತಿ ಕೈಗಿಟ್ಟರು. "ಫೀಸು ಗೀಸು ಏನೂ ಬೇಡ. ನನ್ನ ಹಲ್ಲು ಮಾತ್ರ ನೆನಪಿರಲಿ."

ತನ್ನ ಹಲ್ಲು ಉಳಿಸಿಕೊಳ್ಳಲು ಎದುರಿನವನ ಹಲ್ಲು ಕೀಳುವುದು ಪ್ರಪಂಚದಲ್ಲಿ ಹೊಸದಲ್ಲ. ಆದರೆ ಇಷ್ಟು ಪ್ರೀತಿಯಿಂದ ಕಿತ್ತವರು ಕಡಿಮೆ.

ನೋಡೋಣಪ್ಪ ಕೆನ್ನೆ ಊದಿಸಿಕೊಂಡು, ಮಾತಿಲ್ಲದೆ ಹೊರಗೆ ಬಂದದ್ದೇ ತಡ, ಬೀದಿಗೆ ಭಯ ಹಿಡಿಯಿತು. "ಮುಖ ಗಂಟಿಕ್ಕಿಕೊಂಡಿದಾನೆ. ‘ನೋಡೋಣ’ ಅನ್ನೋದನ್ನೂ ನಿಲ್ಲಿಸಿದಾನೆ. ಮೇಲಿಂದ ಕೊನೇ ಆರ್ಡರ್ ಬಂದಿದೆ!" ಜೆಸಿಬಿ ಬಂದು ಮೆಟ್ಟಿಲಿನ ಜೊತೆಗೆ ಅಂಗಡಿಯನ್ನೂ ಎತ್ತಿಕೊಂಡು ಹೋಗುವ ಬದಲು ನಾವೇ ಒಡೆದುಕೊಳ್ಳುವುದು ಮೇಲು ಎಂದು ಕ್ಷೌರದವನು ಸುತ್ತಿಗೆ ಎತ್ತಿದ. ಡಾಕ್ಟರು ಏಣಿ ತರಿಸಿ ತಮ್ಮ ಹಲ್ಲನ್ನು ತಾವೇ ಕಿತ್ತರು. ಕೋರ್ಟಜ್ಜ ಮಾತ್ರ ಒಂದು ದಿನವಿಡೀ "ಇದು ಕಾನೂನುಬಾಹಿರ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿ, ಮರುದಿನ "ಗಿಡಗಳಿಗೆ ಗಾಳಿ ಸಾಲ್ತಿರಲಿಲ್ಲ" ಎನ್ನುತ್ತ ಕಾಂಪೌಂಡಿನ ಕಲ್ಲು ಕೀಳಿಸಿದರು.

ಗುರುವಾರ ವಾರ್ಡಿನ ಎಂಜಿನಿಯರ್ ಈ ಕಡೆ ಬಂದವರು ಬೈಕು ನಿಲ್ಲಿಸಿ ಬೆರಗಾದರು. ಅವರು ಹತ್ತು ಸಲ ಗದರಿಸಿದರೂ ಅಲುಗದ ಬೀದಿ ಹೊಟ್ಟೆ ಒಳಗೆಳೆದುಕೊಂಡು ನಿಂತಿತ್ತು. ಗಿರಾಕಿಗಳು ಎಣ್ಣೆ ಡಬ್ಬದ ಮೇಲೆ ಕಾಲಿಟ್ಟು ಕ್ಷೌರದಂಗಡಿಗೆ ಹತ್ತುತ್ತಿದ್ದರು.

"ಯಾರು ಹೇಳಿದ್ದು ಇದನ್ನೆಲ್ಲ ಒಡೆಯೋಕೆ?"

"ಮೇಲಿನವರು ಸಾರ್" ಎಂದ ಕ್ಷೌರದವನು. "ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲ" ಎನ್ನುವ ಅಧಿಕಾರಿ ಇನ್ನೂ ಹುಟ್ಟಬೇಕಷ್ಟೆ. "ಗೊತ್ತಿಲ್ದೇ ಏನು? ಅದನ್ನ ಪರಿಶೀಲಿಸೋಕೇ ಬಂದಿದೀನಿ" ಎಂದರು. ಆದರೆ ಒಳಗೊಳಗೇ ಬೆವರಿದರು. ತಮ್ಮನ್ನು ಬಿಟ್ಟು ತಮ್ಮ ವಾರ್ಡಿನಲ್ಲಿ ಇಷ್ಟು ದೊಡ್ಡ ಕೆಲಸ! ಅಷ್ಟರಲ್ಲಿ ಹಳದಿ ಹೆಲ್ಮೆಟ್ಟಿನ, ಊದಿದ ಕೆನ್ನೆಯ, ಕೈಯಲ್ಲಿ ಟೇಪು ಹಿಡಿದ ವ್ಯಕ್ತಿಯೊಬ್ಬರು ಕಂಡರು.

"ನಮಸ್ಕಾರ ಸಾರ್. ತಾವು ಯಾವ ಕಚೇರಿಯಿಂದ?"

ಮಾತಾಡಿದರೆ ದವಡೆ ಸಿಡಿಯುತ್ತಿತ್ತು. ನೋಡೋಣಪ್ಪ ಕಾರ್ಖಾನೆಯ ಮಹಡಿಯ ಕಡೆಗೆ ಬೆರಳು ತೋರಿಸಿದ. ಎಂಜಿನಿಯರ್ ಬೆರಳಿನ ಜಾಡು ಹಿಡಿದು ನೋಡಿದರೆ ಅಲ್ಲಿ ಆಕಾಶವಿತ್ತು. ಅಷ್ಟು ಮೇಲಿನವರೆಂದು ಅವರು ಅಂದುಕೊಂಡಿರಲಿಲ್ಲ.

"ನನ್ನ ಕಡೆಯಿಂದ ಏನಾದ್ರೂ ಬಾಕಿ ಇದ್ರೆ ಹೇಳಿ ಸಾರ್, ಈಗ್ಲೇ ಮಾಡಿಸ್ತೀನಿ."

ಯಾರೋ ಪುಣ್ಯಾತ್ಮರು ಸಹಾಯಕ್ಕೆ ಬಂದಿದ್ದಾರೆಂದು ನೋಡೋಣಪ್ಪನಿಗೆ ಸಂತೋಷವಾಯಿತು. ಬೀದಿಯಲ್ಲಿ ಹದಿನಾಲ್ಕು ಅಡಿ ಸಿಗದೆ ಉಳಿದ ಜಾಗ ಒಂದೇ ಇತ್ತು. ಅವನು ಟೇಪನ್ನು ಅಲ್ಲಿ ಹಿಡಿದು ತೋರಿಸಿದ. ಹದಿಮೂರು. ಎಂಜಿನಿಯರ್ ಬ್ಯಾಗಿನಿಂದ ಕೆಂಪು ಬಣ್ಣದ ಡಬ್ಬಿ ತೆಗೆದು, ಬೀದಿಗೆ ಎರಡಡಿ ಚಾಚಿದ್ದ ಆ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಅಡ್ಡಗೀಟು ಎಳೆದರು. "ಶನಿವಾರದೊಳಗೆ ಇದು ಇಲ್ಲಿರಲ್ಲ. ಯಾವ ಬೇಜವಾಬ್ದಾರಿ ಮನುಷ್ಯನ ಮನೆ ಸಾರ್ ಇದು?"

ನೋಡೋಣಪ್ಪ ತನ್ನ ಎದೆ ಮುಟ್ಟಿ ತೋರಿಸಿದ.

ಎಂಜಿನಿಯರ ಕಣ್ಣಲ್ಲಿ ನೀರಾಡಿತು. "ತಮ್ಮ ಸ್ವಂತ ಮನೆ! ಇಂಥ ಅಧಿಕಾರಿಗಳೂ ಇದಾರಾ ಸಾರ್ ಈ ಕಾಲದಲ್ಲಿ!" ಎಂದು ಎರಡು ಹೆಜ್ಜೆ ಹಿಂದೆ ನಡೆದೇ ಬೈಕು ಹತ್ತಿದರು.

ಬಟ್ಟೆ ಕೊಡಲು ಹೋಗಿದ್ದ ಹೆಂಡತಿ ಬಂದು ಗೋಡೆ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅಡ್ಡಗೀಟು ಎಲ್ಲಿರಬೇಕಿತ್ತೆಂದು ಅವಳ ಕಣ್ಣೇ ಹೇಳಿತು.

"ನನ್ನ ಮಿಷನ್ ಎಲ್ಲಿಡ್ಲಿ? ನಿಮ್ಮ ಮಂಚದ ಮೇಲಾ?"

ನೋಡೋಣಪ್ಪ ಆ ಎರಡು ದಿನ ಲಾರಿಯ ಮೇಲೆ ಮಲಗಲಿಲ್ಲ, ಕೂತ. ಹೂಂ ಅಂದರೆ ಕೋಣೆ ಹೋಗುತ್ತದೆ. ಊಹೂಂ ಅಂದರೆ ವರ್ಷದ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಎರಡೂ ಹೋಗುತ್ತವೆ. ಇಂಥ ಅಡಕತ್ತರಿಯಲ್ಲಿ ಅವನು ಹಿಂದೆ ಸಿಕ್ಕಿರಲಿಲ್ಲ. ಸಿಕ್ಕುವ ಮೊದಲೇ ಹೆಂಡತಿ ಬಿಡಿಸಿಬಿಡುತ್ತಿದ್ದಳು.

"ಭಾವ, ಅಕ್ಕನ್ನೇ ಕೇಳಿಬಿಡಿ" ಎಂದ ಬಾಮೈದ.

"ನೀನೇ ಕೇಳು. ನಿನ್ನ ಅಕ್ಕ ಅಲ್ವಾ?"

"ನನಗೆ ಬರೀ ಅಕ್ಕ ಭಾವ. ನಿಮಗೆ ಹೆಂಡ್ತಿ."

ಶನಿವಾರ ಬಂತು. ಮ್ಯಾನೇಜರು ಕಾದು ಕಾದು ತಾವೇ ಬೀದಿಗೆ ಇಳಿದು ಬಂದರು. ಕೋಣೆ ಬಿದ್ದಿದೆಯೇ ಎಂದು ನೋಡಲು ಎಂಜಿನಿಯರೂ ಬಂದಿದ್ದರು. ಜೆಸಿಬಿ ಬರುತ್ತದೆಂದು ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು.

"ಏನಯ್ಯಾ, ಕಡಾಯಿ ತರ್ತೀಯೋ ಇಲ್ವೋ?" ಎಂದು ಮ್ಯಾನೇಜರು ಕೂಗಿದರು.

"ಯಾವ ಕಡಾಯಿ?" ಎಂದು ಬೀದಿ ಒಂದೇ ಬಾಯಲ್ಲಿ ಕೇಳಿತು.

ಮ್ಯಾನೇಜರು ವಿವರಿಸಿದರು. ಅವರು ಹೇಳುತ್ತ ಹೋದಂತೆ ಕೋರ್ಟಜ್ಜನ ಬಾಯಿ ತೆರೆಯುತ್ತ ಹೋಯಿತು. ಎಂಜಿನಿಯರ್ ಮೆಲ್ಲಗೆ ಗೋಡೆಯ ಬಳಿ ಸರಿದು, ಕರವಸ್ತ್ರದಿಂದ ಕೆಂಪು ಗೀಟು ಉಜ್ಜಿ ನೋಡಿದರು. ಒಣಗಿದ ಬಣ್ಣ, ಕರವಸ್ತ್ರ ಹರಿಯಿತು.

"ಅಂದ್ರೆ ಒಂದು ಸಾಬೂನಿನ ಬಾಂಡಲೆಗೋಸ್ಕರ ನಾನು ಮೆಟ್ಟಿಲು ಒಡೆದ್ನಾ?" ಎಂದ ಕ್ಷೌರದವನು.

"ಅದೇ ನನಗೂ ಅರ್ಥವಾಗ್ತಿಲ್ಲ" ಎಂದರು ಮ್ಯಾನೇಜರು. "ಕಡಾಯಿ ಕೂರೋದು ಲಾರಿ ಮೇಲೆ. ನಿಮ್ಮ ಮೆಟ್ಟಿಲು, ಕಾಂಪೌಂಡು ಎಲ್ಲದರ ಮೇಲಿಂದ ಹಾದು ಹೋಗತ್ತೆ. ಕೆಳಗೆ ಲಾರಿಗೆ ಎಂಟು ಅಡಿ ಇದ್ರೆ ಸಾಕಲ್ವಾ? ಯಾಕೆ ಒಡೆದ್ರಿ?"

ಕ್ಷೌರದವನು ಮೆಟ್ಟಿಲ ಮೇಲೆ ಕುಸಿದು ಕೂತ. ಮೆಟ್ಟಿಲಿರಲಿಲ್ಲ.

ಅವನನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಬೀದಿಯ ಸಿಟ್ಟು ನೋಡೋಣಪ್ಪನ ಕಡೆ ತಿರುಗಿತ್ತು. ಆದರೆ ಕೋರ್ಟಜ್ಜ ಕೈಯೆತ್ತಿದರು. "ನಿಲ್ಲಿ. ಈಗ ಕಡಾಯಿ ಬರದೇ ಹೋದ್ರೆ ನಾವೆಲ್ಲ ಸುಮ್ಮಸುಮ್ಮನೆ ಒಡೆದುಕೊಂಡ ಮೂರ್ಖರಾಗ್ತೀವಿ. ಬಂದ್ರೆ, ಊರಿನ ಕೈಗಾರಿಕೆಗೆ ತ್ಯಾಗ ಮಾಡಿದವರಾಗ್ತೀವಿ. ಕಡಾಯಿ ಬರಲೇಬೇಕು!"

"ಬರಲೇಬೇಕು!" ಎಂದು ಕೂಗಿದರು ಹಲ್ಲಿನ ಡಾಕ್ಟರು. ಬೀದಿಯೂ ಕೂಗಿತು. ಕೂಗು ಮುಗಿದ ಮೇಲೆ ಎಲ್ಲರ ಕಣ್ಣೂ ಹೊಲಿಗೆ ಕೋಣೆಯ ಮೇಲೆ ಬಂದು ನಿಂತವು. ಬೀದಿಯಲ್ಲಿ ನಿಜಕ್ಕೂ ಅಡ್ಡವಿದ್ದದ್ದು ಅದೊಂದೇ.

ನೋಡೋಣಪ್ಪ ಹೆಂಡತಿಯ ಮುಖ ನೋಡಿದ.

"ನನ್ನ ಮುಖ ಏನು ನೋಡ್ತೀರಿ? ಕೇಳಿದ್ದು ನಿಮ್ಮನ್ನ. ಬಾಯಿದೆಯಲ್ಲ" ಎಂದಳು ಅವಳು.

ನೋಡೋಣಪ್ಪ ಹೆಲ್ಮೆಟ್ಟು ಸರಿಮಾಡಿಕೊಂಡ. ಕೆನ್ನೆ ಮುಟ್ಟಿ ನೋಡಿಕೊಂಡ. ಇದ್ದ ಹಲ್ಲೊಂದು ಹೋಗಿದೆ, ಅದಕ್ಕಾದರೂ ಏನಾದರೂ ಬರಬೇಡವೇ ಎನ್ನಿಸಿರಬೇಕು.

"ತರ್ತೀನಿ" ಅಂದ.

ಮಾತಾಡಿದ್ದು ಯಾರೆಂದು ಬಾಮೈದ ಹಿಂದೆ ತಿರುಗಿ ನೋಡಿದ.

ಹೆಂಡತಿಯ ಮುಖದಲ್ಲಿ ನಗು ಮೂಡಿತು, ಕ್ಷಣಮಾತ್ರ. ಮರುಕ್ಷಣ ಅವಳು ಬೈಕಿನ ಕಡೆ ಜಾರುತ್ತಿದ್ದ ಎಂಜಿನಿಯರರಿಗೆ ಅಡ್ಡ ನಿಂತಿದ್ದಳು. "ಎಲ್ಲಿಗೆ ಸಾರ್? ಹಿತ್ತಿಲಲ್ಲಿ ಕೋಣೆ ಕಟ್ಟೋಕೆ ಪರವಾನಗಿ ಕೇಳಿ ಎಷ್ಟು ಕಾಲ ಆಯ್ತು? ಅದು ಕೊಡಿ, ಇದು ಒಡೀರಿ."

"ಅದು... ಮೇಲಿನವರು..."

"ಮೇಲಿನವರು ಇಲ್ಲೇ ಇದಾರಲ್ಲ!" ಎಂದು ಗಂಡನನ್ನು ತೋರಿಸಿದಳು. ಬೀದಿ ಘೊಳ್ಳೆಂದಿತು. ಗೋಡೆಗೆ ಗೀಟೆಳೆದದ್ದು ಯಾರ ಆಜ್ಞೆಯ ಮೇಲೆಂದು ಕೋರ್ಟಜ್ಜ ಕೇಳುವ ಮೊದಲೇ ಎಂಜಿನಿಯರ್ ಒಪ್ಪಿಗೆ ಕೊಟ್ಟರು. ಕೊಟ್ಟದ್ದಷ್ಟೇ ಅಲ್ಲ, ತೋಳು ಮಡಿಸಿ ಮೊದಲ ಇಟ್ಟಿಗೆಯನ್ನೂ ಕಿತ್ತರು. ಒಡೆಯುವುದರಲ್ಲಿ ಬೀದಿಗೆ ಆ ವಾರ ಒಳ್ಳೆಯ ಅಭ್ಯಾಸವಾಗಿತ್ತು. ಸಂಜೆಗೆ ಕೋಣೆಯಿರಲಿಲ್ಲ, ಇಟ್ಟಿಗೆಯೆಲ್ಲ ಹಿತ್ತಿಲು ಸೇರಿತ್ತು.

ಭಾನುವಾರ ಕಡಾಯಿ ಬಂತು. ಕೋರ್ಟಜ್ಜ ನೋಡೋಣಪ್ಪನ ಹೆಂಡತಿ ಕೊಟ್ಟ ಕೆಂಪು ರವಿಕೆ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ಮುಂದೆ ನಡೆದರು. ಲಾರಿ ಬಸವನಹುಳುವಿನಂತೆ ಬೀದಿಗೆ ಹೊಕ್ಕಿತು. ಅದರ ಮೇಲೆ ಬೀದಿಯ ಅಷ್ಟೂ ಅಗಲಕ್ಕೆ ಹೊಳೆಯುವ ಕಡಾಯಿ, ಎರಡೂ ಕಡೆ ಗೋಡೆಗೆ ಅರ್ಧ ಅಡಿ ಬಿಟ್ಟುಕೊಂಡು. "ಬಲಕ್ಕೆ! ಸ್ವಲ್ಪ ಬಲಕ್ಕೆ ಅಣ್ಣಾ!" ಎಂದು ಕ್ಷೌರದವನು ಕೂಗುತ್ತಿದ್ದ. "ಅದು ನನ್ನ ಕಿಟಕಿ! ಎಡಕ್ಕೆ!" ಎಂದು ಡಾಕ್ಟರು ಅರಚುತ್ತಿದ್ದರು. ಬಾಮೈದ ಕಡಾಯಿಯೊಳಗೆ ಕೂತಿದ್ದ. ತೂಕ ಸರಿಯಾಗಿರಲಿ ಅಂತ ಕೂತೆ ಎಂದು ಅವನೇ ಹೇಳಿದ. ಒಳಗೆ ನೆರಳಿತ್ತೆಂದು ನಾವು ಬಲ್ಲೆವು. ನೋಡೋಣಪ್ಪ ಸ್ಟಿಯರಿಂಗ್ ಹಿಡಿದು, ಕಣ್ಣು ಮಿಟುಕಿಸದೆ, ಎಲ್ಲೂ ಒಂದು ಚೂರು ಗಾರೆ ಉದುರಿಸದೆ, ಕಾರ್ಖಾನೆಯ ಗೇಟು ದಾಟಿಸಿದ. ಅವನಿಗೆ ಲಾರಿ ಓಡಿಸುವುದು ಇಷ್ಟು ಚೆನ್ನಾಗಿ ಬರುತ್ತದೆಂದು ನಮಗೆ ಅವತ್ತೇ ಗೊತ್ತಾದದ್ದು.

ಬೀದಿ ಚಪ್ಪಾಳೆ ತಟ್ಟಿತು. ಕ್ಷೌರದವನು ಅವನನ್ನು ಅಪ್ಪಿಕೊಂಡ. ಮ್ಯಾನೇಜರು ಕೈ ಕುಲುಕಿ, "ಶಭಾಷ್ ಕಣಯ್ಯಾ! ವರ್ಷದ ಸರಕು ನಿನ್ನದೇ. ಇನ್ನು ಮುಂದಿನ ವಾರ ಮುಚ್ಚಳ ಬರತ್ತೆ" ಎಂದರು.

"ಮುಚ್ಚಳ?" ಎಂದರು ಕೋರ್ಟಜ್ಜ.

"ಕಡಾಯಿದು. ಹದಿನಾರು ಅಡಿ. ಮುಚ್ಚಳ ಅಂದ್ಮೇಲೆ ಪಾತ್ರೆಗಿಂತ ಸ್ವಲ್ಪ ದೊಡ್ಡದಿರ್ಬೇಕಲ್ವಾ? ತರ್ತೀಯಾ?"

ಚಪ್ಪಾಳೆ ನಿಂತುಹೋಯಿತು. ಕ್ಷೌರದವನು ತನ್ನ ಅಂಗಡಿಯ ಗೋಡೆಯನ್ನು ನೋಡಿದ. ಡಾಕ್ಟರು ತಮ್ಮದನ್ನು ನೋಡಿದರು. ಕೋರ್ಟಜ್ಜ ಕೆಂಪು ಬಾವುಟ ಕೆಳಗಿಳಿಸಿದರು. ನೋಡೋಣಪ್ಪನ ಮುಖ ಮಾತ್ರ ಅರಳಿತ್ತು. ಹೊಸದಾಗಿ ಕಲಿತ ಮಾತು ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಎದೆ ಮುಂದೆ ಮಾಡಿ, "ತರ್..." ಎಂದು ಶುರುಮಾಡಿಯೇಬಿಟ್ಟಿದ್ದ.

ಹೆಂಡತಿ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. "ಮುಚ್ಚಳ ಇಲ್ದೇ ಬೇಯ್ಸಿ ಸಾರ್" ಎಂದಳು ಮ್ಯಾನೇಜರಿಗೆ. "ಸ್ವಲ್ಪ ಹೊತ್ತು ಜಾಸ್ತಿ ಹಿಡಿಯತ್ತೆ, ಅಷ್ಟೇ ತಾನೆ?"

ಆ ಕಾರ್ಖಾನೆಯಲ್ಲಿ ಇವತ್ತಿಗೂ ಸಾಬೂನು ಮುಚ್ಚಳವಿಲ್ಲದೆಯೇ ಬೇಯುತ್ತದೆ. ಮಧ್ಯಾಹ್ನವಾಯಿತೆಂದರೆ ನಮ್ಮ ಬೀದಿಗೆ ಬೀದಿಯೇ ಈಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದ ಹಾಗೆ ಘಮಘಮಿಸುತ್ತದೆ.